ಜಪಾನ್ ಮನೆಯ ಒಳಗೋಡೆ

ಹತ್ತು ದಿನ ಜಪಾನ್ ನೋಡಿ ಬಂದವರು ಬೀಸಣಿಗೆಯೋ ಕೀ ಚೈನೋ ತರುತ್ತಾರೆ. ನಂಜನಗೂಡಿನ ಸಾಹುಕಾರರೊಬ್ಬರು ಒಂದು ಮನೆಯನ್ನೇ ತಲೆಯಲ್ಲಿ ಹೊತ್ತು ತಂದರು. ಅದನ್ನು ಇಳಿಸುವುದಕ್ಕೆ ಜಾಗವೂ ಸಿದ್ಧವಾಗಿತ್ತು. ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಡಕ್ಕೆ ಅಂಟಿಕೊಂಡ ಎರಡು ಎಕರೆ ತೋಟ. ಶನಿವಾರ, ಭಾನುವಾರ ಬಂದು ಸುಮ್ಮನೆ ಕೂತು ಹೋಗುವುದಕ್ಕೆ ಅವರಿಗೊಂದು ಮನೆ ಬೇಕಾಗಿತ್ತು. ಸುಮ್ಮನೆ ಕೂರುವುದಕ್ಕೂ ಬೇರೆ ಮನೆ ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವಾಗಲೇ. ನಮ್ಮ ಕೇರಿಯಲ್ಲಿ ಆ ಕೆಲಸಕ್ಕೆ ಜಗುಲಿ ಸಾಕಾಗಿತ್ತು.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಮೈಸೂರಿನ ಒಬ್ಬ ಆರ್ಕಿಟೆಕ್ಟರ ಕೈಕೆಳಗೆ ಸೈಟ್ ನೋಡಿಕೊಳ್ಳುವ ಕೆಲಸ. ಮೇಲಿನವರಿಂದ ಬೈಸಿಕೊಳ್ಳುವುದು, ಕೆಳಗಿನವರನ್ನು ಬೈಯುವುದು, ಎರಡರ ನಡುವೆ ಗೋಡೆಗೆ ಲೆವೆಲ್ ಹಿಡಿಯುವುದು. ನಮ್ಮ ಆರ್ಕಿಟೆಕ್ಟರು ಒಳ್ಳೆಯವರೇ. ಆದರೆ ಕಲ್ಲು, ಮರ ಯಾವುದು ಸಿಕ್ಕಿದರೂ ಕಣ್ಣು ಮುಚ್ಚಿ ಸವರಿ, ಅದು ಏನು ಹೇಳುತ್ತಿದೆ ಎಂದು ನಮಗೆ ತಿಳಿಸುವ ಚಾಳಿ ಅವರಿಗಿತ್ತು. ಮೇಸ್ತ್ರಿ ಏನು ಹೇಳುತ್ತಿದ್ದಾನೆ ಎಂಬುದು ಮಾತ್ರ ಅವರಿಗೆ ಯಾವತ್ತೂ ಕೇಳಿಸುತ್ತಿರಲಿಲ್ಲ.

ಮನೆಗೆ ಬಳಸುವುದೆಲ್ಲ ಸಹಜ ವಸ್ತುವೇ ಆಗಿರಬೇಕು ಎಂದು ತೀರ್ಮಾನವಾಯಿತು. ಸಿಮೆಂಟ್ ಇಲ್ಲ, ಪೇಂಟ್ ಇಲ್ಲ, ಟೈಲ್ಸ್ ಇಲ್ಲ. ತಳಪಾಯದಲ್ಲಿ ಮಾತ್ರ ಬೇಕಾದಷ್ಟು ಸಿಮೆಂಟು, ಕಬ್ಬಿಣ ಎರಡೂ ಇದ್ದವು. ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣದ್ದರಿಂದ ಅದೂ ಸಹಜವೇ ಆಯಿತು. ಹೊರಗೋಡೆಯ ಕೆಳಭಾಗಕ್ಕೆ ಹೊಡೆಯುವ ಸಿಲ್ವರ್ ಓಕ್ ಹಲಗೆಗಳ ಮುಖವನ್ನು ಬೆಂಕಿಯಲ್ಲಿ ಕಪ್ಪಗೆ ಸುಡಬೇಕು, ಸುಟ್ಟ ಮರಕ್ಕೆ ಹುಳ ಹಿಡಿಯುವುದಿಲ್ಲ, ಜಪಾನಿನಲ್ಲಿ ಹಾಗೇ ಮಾಡುವುದು ಎಂದರು. ಸುಟ್ಟೆವು. ಹೊಗೆ ಕಂಡ ಪಕ್ಕದ ಗದ್ದೆಯವರು ಕೊಡ, ಬಕೆಟ್ ಹಿಡಿದು ಓಡಿ ಬಂದರು. ಬೇಕೆಂದೇ ಸುಡುತ್ತಿದ್ದೇವೆ ಎಂದಾಗ ಅವರಲ್ಲಿ ಒಬ್ಬ ಬಕೆಟ್ ಕೆಳಗಿಟ್ಟು, "ಮನೆ ಕಟ್ಟೋಕ್ ಮುಂಚೇನೇ ಸುಡ್ತಿದ್ದೀರಲ್ಲ ಸಾ, ಅಷ್ಟು ಅರ್ಜೆಂಟಾ?" ಅಂದ. ಆ ಮಾತು ಸಾಹುಕಾರರ ಕಿವಿಗೆ ಬಿತ್ತು. ಮಾರನೆಯ ದಿನವೇ ಸುಟ್ಟ ಹಲಗೆಗಳಿಗೆ ವಿಭೂತಿ ಹಚ್ಚಿ ಶಾಂತಿ ಮಾಡಿಸಿದರು.

ಕಿಟಕಿಗಳಿಗೆ ಗಾಜಿನ ಬದಲು ಕಾಗದ ಎಂಬ ಮಾತೂ ಬಂದಿತ್ತು. ಹೊಳೆದಂಡೆಯ ಕೋತಿಗಳು ಆ ಕಾಗದವನ್ನು ಮೊದಲು ಓದಿ, ಆಮೇಲೆ ಹರಿದು, ಆಮೇಲೆ ಒಳಗೆ ಬಂದು ಕೂರುತ್ತವೆ ಎಂದು ನಾನು ಹೇಳಿದೆ. ಕಡೆಗೆ ಬದನವಾಳಿನ ಖಾದಿ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದೆವು. ಬೆಳಿಗ್ಗೆಯ ಬಿಸಿಲು ಅದರೊಳಗಿಂದ ಸೋಸಿ ಬರುವುದು ಚೆನ್ನಾಗಿಯೇ ಇತ್ತು. ಇಷ್ಟು ಬೈಯುವವಳು ಅದನ್ನು ಒಪ್ಪಿಕೊಳ್ಳದೆ ಹೋದರೆ ಮೋಸವಾಗುತ್ತದೆ.

ಇನ್ನು ಗೋಡೆ. ಬಿದಿರು ಸೀಳಿ ತಡಿಕೆ ಹೆಣೆದು, ಎರಡೂ ಕಡೆ ಹುಲ್ಲು ಕಲಸಿದ ಮಣ್ಣು ಮೆತ್ತುವುದು. ಆರ್ಕಿಟೆಕ್ಟರು ಲ್ಯಾಪ್‌ಟಾಪ್ ತೆರೆದು ಅದರ ಜಪಾನಿ ಹೆಸರು ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹುಟ್ಟಿದ್ದೇ ಅಂಥ ಗೋಡೆಯ ಪಕ್ಕದಲ್ಲಿ. ಬದನವಾಳಿನ ಆಚೆಗಿರುವ ನಮ್ಮೂರಿನಲ್ಲಿ ಆ ಗೋಡೆಯಿದ್ದ ಮನೆಯನ್ನು ಸರ್ಕಾರಿ ಫಾರಂನಲ್ಲಿ 'ಕಚ್ಚಾ' ಎಂದು ಬರೆದುಕೊಂಡಿದ್ದರು. ಸ್ಕೂಲಿನಲ್ಲಿ ಮನೆ ಎಂಥದ್ದು ಎಂದು ಕೇಳಿದರೆ ನಾನು 'ಹೆಂಚಿನದು' ಎಂದು ಸುಳ್ಳು ಹೇಳುತ್ತಿದ್ದೆ. ಕೆಲಸ ಸಿಕ್ಕ ಮೇಲೆ ಮೊದಲು ಮಾಡಿದ್ದೇ ಆ ಗೋಡೆ ಕೆಡವಿ ಅವ್ವನಿಗೆ ಒಂದು ತಾರಸಿ ಮನೆ ಕಟ್ಟಿಸಿದ್ದು. ಹಾರೆಯ ಮೊದಲ ಏಟು ನಾನೇ ಹಾಕಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ನಾನು ಕಿತ್ತು ಬಿಸಾಕಿದ ಗಿಡ ಜಪಾನಿಗೆ ಹೋಗಿ ಮದ್ದಾಗಿ ವಾಪಸ್ಸು ಬಂದಿತ್ತು.

ತಾರಸಿ ಮನೆಗೆ ಅವ್ವ ಹೊಂದಿಕೊಂಡಳು, ಆದರೆ ಒಂದು ದಿನ, "ಇದ್ರಲ್ಲಿ ನಂಗೆ ಕೆಲ್ಸ್ವೇ ಇಲ್ವಲ್ಲ ಮಗ" ಅಂದಳು. ಅವಳ ಮಾತು ಆಗ ನನಗೆ ಅರ್ಥವಾಗಲಿಲ್ಲ. ಅವಳು ನಮ್ಮ ಸೀಮೆಯಲ್ಲಿ ಗೋಡೆ ಮೆತ್ತುವುದಕ್ಕೆ ಹೆಸರಾದವಳು. ಹಬ್ಬದ ಮುಂಚೆ ಊರಿನ ದೊಡ್ಡ ಮನೆಗಳವರು ಅವಳನ್ನೇ ಕರೆಯುತ್ತಿದ್ದರು. ಆದರೆ ಕೇರಿಯ ಹೆಂಗಸರು ಮೆತ್ತುವುದು ಹೊರಗೋಡೆ ಮಾತ್ರ. ಒಳಗೋಡೆಯನ್ನು ಆ ಮನೆಯ ಹೆಂಗಸರೇ ಮೆತ್ತಿಕೊಳ್ಳುತ್ತಿದ್ದರು, ಸೊಟ್ಟಗಾದರೂ ಸರಿ.

ಹೊರಗೋಡೆ ಮೆತ್ತುವುದಕ್ಕೂ ಒಂದು ಪದ್ಧತಿ ಇತ್ತು. ಕೆಲಸವೆಲ್ಲ ಮುಗಿದ ಮೇಲೆ ಬಾಗಿಲ ಪಕ್ಕ ಅಂಗೈಯಗಲದ ಜಾಗವನ್ನು ಮೆತ್ತದೆ ಹಾಗೇ ಬಿಡುತ್ತಿದ್ದರು. ಮನೆಯವರು ಎಲೆ ಹಾಕಿ ಊಟಕ್ಕಿಕ್ಕಿ, ಎಲೆಅಡಿಕೆ ಕೊಟ್ಟ ಮೇಲೆ ಎದ್ದು ಬಂದು ಆ ಕೊನೆಯ ಹಿಡಿ ಮಣ್ಣು ಮೆತ್ತಿ ನುಣ್ಣಗೆ ಸವರಿ ಹೋಗುವುದು. ಕೊಟ್ಟ ಮಾತಿಗೆ ತಪ್ಪಿ, ಊಟ ಇಕ್ಕದೆ ಕೆಲಸ ಮುಗಿಸು ಎಂದರೆ, ಮಣ್ಣು ಮೆತ್ತಿ ಐದೂ ಬೆರಳು ಮೂಡುವ ಹಾಗೆ ಅಂಗೈ ಒತ್ತಿ, ಸವರದೆ ಹೊರಟುಬಿಡುವುದು. ಆ ಕೈ ನೋಡಿದವರಿಗೆಲ್ಲ ಇಲ್ಲಿ ಮಾತು ತಪ್ಪಿದ್ದಾರೆ ಎಂದು ತಿಳಿಯುತ್ತಿತ್ತು. ನಾನು ಚಿಕ್ಕವಳಿದ್ದಾಗ ಊರಬಾಗಿಲ ಹತ್ತಿರದ ಒಂದು ಮನೆಯ ಗೋಡೆಯ ಮೇಲೆ ಅಂಥದ್ದೊಂದು ಕೈ ನೋಡಿದ್ದೆ. ಆ ಮನೆಯ ಯಜಮಾನಿ ಅದನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಅಳಿಸುತ್ತಿದ್ದಳು. ಅವ್ವ ನನ್ನ ಕಣ್ಣು ಮುಚ್ಚಿ ಕರೆದುಕೊಂಡು ಹೋದಳು, ನೋಡಬಾರದ್ದೇನೋ ನೋಡಿದ ಹಾಗೆ.

ಸೈಟಿನಲ್ಲಿ ಆರ್ಕಿಟೆಕ್ಟರು ತೋಟದ ಎರೆಮಣ್ಣನ್ನೇ ಅಗೆಸಿ, ಬೆಳಿಗ್ಗೆ ಕಲಸಿ ಮಧ್ಯಾಹ್ನ ಮೆತ್ತಿಸಿದರು. 'ಈ ಜಾಗದ ಮನೆಗೆ ಈ ಜಾಗದ ಮಣ್ಣೇ ಆಗಬೇಕು' ಎಂಬ ತತ್ವ. ತತ್ವ ನಾಲ್ಕನೆಯ ದಿನಕ್ಕೆ ಬಿರುಕು ಬಿಟ್ಟಿತು. ಒಂದೊಂದು ಬಿರುಕಿನಲ್ಲಿ ಒಂದೊಂದು ಹಲ್ಲಿ ಸಂಸಾರ ಮಾಡಬಹುದಿತ್ತು. ಬಿರುಕೂ ಸಹಜವೇ, ಅಪೂರ್ಣತೆಯಲ್ಲೇ ಸೌಂದರ್ಯ ಇರುವುದು ಎಂದು ಆರ್ಕಿಟೆಕ್ಟರು ವಿವರಿಸಿದರು. ಸಾಹುಕಾರರು ಒಂದು ಬಿರುಕಿನೊಳಗೆ ಕಿರುಬೆರಳು ತೂರಿಸಿ, "ಇಷ್ಟೊಂದು ಸೌಂದರ್ಯ ನಂಗೆ ಬೇಡ ಕಣ್ರೀ" ಅಂದರು. ಗೃಹಪ್ರವೇಶದ ಮುಹೂರ್ತ ಆಗಲೇ ಗೊತ್ತಾಗಿತ್ತು. ಅವರು ಹೋದ ಮೇಲೆ ಆರ್ಕಿಟೆಕ್ಟರು ಮಣ್ಣು ಸರಿಯಿಲ್ಲ, ಬಿಸಿಲು ಸರಿಯಿಲ್ಲ, ಕೆಲಸದವರು ಸರಿಯಿಲ್ಲ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು. ಕಡೆಗೆ ನನ್ನ ಕಡೆ ತಿರುಗಿ, "ಸೈಟ್ ನೋಡ್ಕೊಳ್ತಿದ್ದೋರು ನೀವು. ಮುಹೂರ್ತದೊಳಗೆ ಸರಿಹೋಗ್ಲಿಲ್ಲ ಅಂದ್ರೆ ನೀವು ಬೇರೆ ಕಡೆ ಕೆಲ್ಸ ನೋಡ್ಕೋಬೇಕಾಗುತ್ತೆ" ಅಂದರು.

ಆ ಸಂಜೆಯೇ ಬಸ್ಸು ಹತ್ತಿ ಊರಿಗೆ ಹೋದೆ. ಫೋನಿನಲ್ಲಿ ತೆಗೆದ ಫೋಟೋ ನೋಡಿ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎರೆಮಣ್ಣ ತಂದು ಗೋಡೆಗೆ ಮೆತ್ತವ್ರಲ್ಲ, ಇವ್ರ್ನ ಓದ್ಸಿದೋರು ಯಾರು ಮಗ?"

"ನಗಬ್ಯಾಡ ಕಣವ್ವ. ನನ್ ಕೆಲ್ಸ ಓಯ್ತದ. ನೀ ಬಂದ್ ಮಾಡ್ಕೊಡು."

ನಗು ನಿಂತಿತು. ಫೋನು ನನ್ನ ಕೈಗೆ ಕೊಟ್ಟು, "ಒರಗೋಡೆನಾ, ಒಳಗೋಡೆನಾ?" ಎಂದು ಕೇಳಿದಳು.

"ಎರಡೂವೆ."

"ಬತ್ತೀನಿ. ಆದ್ರೆ ಒಂದ್ ಮಾತು. ಊರೋರ ಮನೆ ಒರಗೋಡೆ ಎಷ್ಟೋ ಮೆತ್ತಿವ್ನಿ. ಒಳಗೋಡೆ ಒಂದೂ ಮುಟ್ಟಿಲ್ಲ. ಈಗ ನನ್ ಕೈಲಿ ಒಳಗೋಡೆ ಮೆತ್ತಿಸ್ಕಂಡ್ರೆ, ಮನೆ ಒಕ್ಕಲು ದಿನ ನನ್ನ ಒಳಗೇ ಕೂರ್ಸಿ ಎಲೆ ಆಕ್ಬೇಕು. ಊಟವ ಕವರ್ಗೆ ಆಕಿ ಕೊಡೋದಾದ್ರೆ ಬ್ಯಾಡ."

"ಆಯ್ತು ಕಣವ್ವ, ಅದು ನನ್ ಜವಾಬ್ದಾರಿ" ಅಂದುಬಿಟ್ಟೆ. ಸಾಹುಕಾರರನ್ನು ಒಂದು ಮಾತು ಕೇಳಿದರಾಯಿತು, ಅದರಲ್ಲೇನಿದೆ ಅಂದುಕೊಂಡೆ. ದಾರಿಯಲ್ಲಿ ಅವ್ವನಿಗೆ ಇನ್ನೊಂದು ಪಾಠವನ್ನೂ ಮಾಡಿದೆ. ಅವಳ ಕಾಲದಲ್ಲಿ ಕೇರಿಯವರು ಸಾಹುಕಾರರಂಥವರನ್ನು ಕೈಮುಗಿದು 'ಬುದ್ಧಿ' ಎಂದು ಕರೆಯುತ್ತಿದ್ದರು. ಇವರನ್ನು ಹಾಗೆಲ್ಲ ಕರೆಯಕೂಡದು ಎಂದೆ. ಬೇರೆ ಏನೆಂದು ಕರೆಯಬೇಕು ಎಂದು ನಾನು ಹೇಳಿಕೊಡಲಿಲ್ಲವಾದ್ದರಿಂದ ಅವಳು ಅವರನ್ನು ಕಡೆಯವರೆಗೂ ಏನೆಂದೂ ಕರೆಯಲಿಲ್ಲ.

ಅವ್ವ ಬಂದವಳೇ ಇದ್ದ ಮಣ್ಣನ್ನೆಲ್ಲ ಉದುರಿಸಿದಳು. ಕೆಮ್ಮಣ್ಣು, ಹುತ್ತದ ಮಣ್ಣು, ಕೆರೆಯ ಗೋಡು ತರಿಸಿ ರಾಗಿಹುಲ್ಲು ಕತ್ತರಿಸಿ ಹಾಕಿ, ಗುಂಡಿಯಲ್ಲಿ ನೀರು ಕಟ್ಟಿ ನೆನೆಹಾಕಿದಳು. ಎಂಟು ದಿನ ಅದು ಕೊಳೆಯಬೇಕು ಎಂದಳು. ಐದನೆಯ ದಿನಕ್ಕೆ ಎದ್ದ ನಾತಕ್ಕೆ ಸಾಹುಕಾರರ ಕಾರು ಗೇಟಿನಿಂದಲೇ ಹಿಂದಕ್ಕೆ ತಿರುಗಿತು. "ಮೂಗು ಮುಚ್ಕೊಳಂಗಾದ್ರೇ ಮಣ್ಣು ಪಾಕಕ್ಕೆ ಬಂದದೆ ಅಂತ" ಎಂದು ಅವ್ವ ಸಮಾಧಾನವಾಗಿ ಹೇಳಿದಳು. ಆರ್ಕಿಟೆಕ್ಟರು ಲ್ಯಾಪ್‌ಟಾಪ್ ನೋಡಿ, ಜಪಾನಿನಲ್ಲೂ ಹೀಗೇ ಕೊಳೆಸುತ್ತಾರೆ ಎಂದು ಘೋಷಿಸಿದರು. ಜಪಾನ್ ಒಪ್ಪಿದ ಮೇಲೆ ನಾತ ಸುವಾಸನೆಯಾಯಿತು. ಮಾರನೆಯ ದಿನ ಸಾಹುಕಾರರೇ ಗುಂಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಮೆತ್ತುವಾಗ ಇನ್ನೊಂದು ಜಗಳ. ಬೆರಳಿನ ಗುರುತು ಗೋಡೆಯ ಮೇಲೆ ಹಾಗೇ ಉಳಿಯಲಿ, ಕೈಕೆಲಸ ಎಂದು ಗೊತ್ತಾಗಬೇಕು ಎಂದು ಆರ್ಕಿಟೆಕ್ಟರು ಅವ್ವನ ಹಿಂದೆ ಹಿಂದೆ ಓಡಾಡಿದರು. ಅವ್ವ ಹೊಳೆಯ ನುಣುಪುಗಲ್ಲು ತಂದು ಉಜ್ಜಿ ಉಜ್ಜಿ, ಗೋಡೆಯಲ್ಲಿ ಮುಖ ನೋಡಿಕೊಳ್ಳಬೇಕು, ಹಾಗೆ ಮಾಡಿಟ್ಟಳು. ಅವರು ಕಂಗಾಲಾಗಿ, "ಅಮ್ಮಾ, ಸ್ವಲ್ಪ ಅಪೂರ್ಣವಾಗಿರಲಿ" ಅಂದರು. ಅವ್ವ ನನ್ನ ಕಡೆ ತಿರುಗಿ, "ಅರ್ಧಂಬರ್ಧ ಮಾಡ್ಸೋಕೆ ನನ್ನ ಯಾಕ್ ಕರುಸ್ದೆ? ಅದ್ನ ಅವ್ರೇ ಮಾಡಿದ್ರಲ್ಲ" ಅಂದಳು.

ನಗುನಗುತ್ತಾ ಮಾಡಿದಳು ಆ ಕೆಲಸವನ್ನು. ಅವಳನ್ನು ಅಷ್ಟು ಖುಷಿಯಾಗಿ ನಾನು ನಮ್ಮ ತಾರಸಿ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ಒಳಗೋಡೆಯ ಹತ್ತಿರ ಬಂದಾಗ ಮಾತ್ರ ಅಂಗಳಕ್ಕೆ ಹೋಗಿ ಮತ್ತೊಮ್ಮೆ ಕೈಕಾಲು ತೊಳೆದುಕೊಂಡು ಬಂದಳು. ಅಲ್ಲಿ ನಲ್ಲಿಯ ಪಕ್ಕ ಸಾಹುಕಾರರು ಒಂದು ಕಲ್ಲಿನ ಬುದ್ಧನನ್ನು ಶೋಕಿಗೆ ಇಟ್ಟಿದ್ದರು. ಕೆಲಸದವರು ಅವನ ತಲೆಯ ಮೇಲೆ ಸೋಪಿನ ಡಬ್ಬಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ದಿನಾ ದೀಪ ಹಚ್ಚುವವಳು ಅವ್ವ. ಸೋಪಿನ ಡಬ್ಬಿ ತೆಗೆದು ನೆಲದ ಮೇಲಿಟ್ಟು, ಸೆರಗಿನಿಂದ ಅವನ ತಲೆ ಒರೆಸಿದಳು.

ಮನೆಯ ಒಳಗೆ ಟೀ ಕುಡಿಯುವುದಕ್ಕೆಂದೇ ಒಂದು ಕೋಣೆ ಇತ್ತು. ಅದಕ್ಕೆ ಸೊಂಟದೆತ್ತರದ ಬಾಗಿಲು. ಜಪಾನಿನಲ್ಲಿ ದೊರೆಯೂ ಕತ್ತಿ ಹೊರಗಿಟ್ಟು, ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಒಳಗೆ ಕೂತ ಮೇಲೆ ದೊಡ್ಡವರು ಚಿಕ್ಕವರು ಎಂಬುದಿಲ್ಲ ಎಂದು ಆರ್ಕಿಟೆಕ್ಟರು ವಿವರಿಸಿದರು. ಸಾಹುಕಾರರು ತಲೆದೂಗಿದರು. "ನಮ್ಮನೆ ಬಾಗ್ಲೂ ಇಷ್ಟೇ ಇತ್ತು. ಆದ್ರೆ ಅದ್ರೊಳೀಕೆ ಯಾವ ದೊರೆನೂ ಬರ್ನಿಲ್ಲ" ಎಂದು ಅವ್ವ ನನಗೆ ಮಾತ್ರ ಕೇಳುವಂತೆ ಅಂದಳು. ಆ ಬಾಗಿಲ ಪಕ್ಕದಲ್ಲೇ, ಒಳಗಡೆ, ಅಂಗೈಯಗಲದ ಜಾಗವನ್ನು ಮೆತ್ತದೆ ಬಿಟ್ಟು, ಒಂದು ಮಡಕೆಯಲ್ಲಿ ಹಿಡಿ ಮಣ್ಣು ಒದ್ದೆಬಟ್ಟೆ ಮುಚ್ಚಿಟ್ಟಳು. "ಇದು ಒಕ್ಕಲು ದಿನಕ್ಕೆ" ಅಂದಳು.

ಸಾಹುಕಾರರನ್ನು ನಾನು ಕೇಳಬೇಕಾಗಿತ್ತು. ಸೋಮವಾರ ಕೇಳೋಣ ಅಂದುಕೊಂಡೆ, ಅವರು ಫೋನಿನಲ್ಲಿದ್ದರು. ಗುರುವಾರ ಕೇಳೋಣ ಅಂದುಕೊಂಡೆ, ಮನೆಯವರು ಜೊತೆಗಿದ್ದರು. ಒಂದು ದಿನ ಅವರೊಬ್ಬರೇ ಸಿಕ್ಕರು, ಗೋಡೆ ಸವರಿ, "ಭೇಷ್" ಅಂದರು. ಆಗ ನಾನು ಹಲಗೆಯ ಪಾಲಿಶ್ ವಿಷಯ ಮಾತಾಡಿ ಬಂದೆ. ಗಾರೆಯವರನ್ನು, ಬಡಗಿಗಳನ್ನು ಬೈಯುವಾಗ ಊರಗಲ ಬಾಯಿ ಬಿಡುವವಳಿಗೆ ಆ ಒಂದು ಮಾತು ಕೇಳುವುದಕ್ಕೆ ಆಗಲಿಲ್ಲ. ಅವರು ಬೇಡ ಎನ್ನುತ್ತಿದ್ದರೋ ಹೂಂ ಎನ್ನುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಗೃಹಪ್ರವೇಶದ ದಿನ ಜಪಾನಿಗೂ ನಂಜನಗೂಡಿಗೂ ನೇರ ಜಗಳ ಹತ್ತಿತು. ಮೊದಲು ಹಸು ಒಳಗೆ ಹೋಗಬೇಕು. ನೆಲಕ್ಕೆ ಹಾಸಿದ್ದು ಒಳ್ಳೆಯ ಜೊಂಡಿನ ಚಾಪೆ. ಹಸು ಎರಡು ಹೆಜ್ಜೆ ಇಟ್ಟು, ಚಾಪೆಯನ್ನು ಮೂಸಿ ನೋಡಿ, ಮೂಲೆಯಿಂದ ಮೇಯುವುದಕ್ಕೆ ಶುರುಮಾಡಿತು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ, ಹಸುವೂ ಬಾಯಿ ನಿಲ್ಲಿಸಲಿಲ್ಲ. ಆರ್ಕಿಟೆಕ್ಟರು ಚಾಪೆಯ ಆ ತುದಿ ಹಿಡಿದು ಎಳೆದರು. ಸಹಜ ವಸ್ತು ಎಂದರೆ ಏನೆಂದು ಅವತ್ತು ಆ ಮನೆಯಲ್ಲಿ ಸರಿಯಾಗಿ ತಿಳಿದಿದ್ದುದು ಆ ಹಸುವಿಗೆ ಮಾತ್ರ. ಟೀ ಕೋಣೆಯ ಬಾಗಿಲಲ್ಲಿ ಸಾಹುಕಾರರ ಸೋದರಮಾವ ಬಗ್ಗಿದವರು ಏಳಲಾಗದೆ, ಇಬ್ಬರು ಹಿಂದಿನಿಂದ ತಳ್ಳಬೇಕಾಯಿತು.

ಅವ್ವ ತನ್ನ ಬಿಳಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಹೊರಗೆ ಕೆಲಸದವರಿಗೆಂದು ಹಾಕಿದ್ದ ಶಾಮಿಯಾನದ ಕೆಳಗೆ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ನಾನು ಒಳಗೆ ಹೋದಾಗಲೆಲ್ಲ ಅವಳು ಕುರ್ಚಿಯಿಂದ ಸ್ವಲ್ಪ ಎದ್ದು, ನಾನು ಬರಿಗೈಯಲ್ಲಿ ಆಚೆ ಬಂದಾಗ ಮತ್ತೆ ಕೂರುತ್ತಿದ್ದಳು. ನಾನು ಬೇಕೆಂದೇ ಆ ಕಡೆ ನೋಡದೆ ಓಡಾಡುತ್ತಿದ್ದೆ.

ಅಷ್ಟರಲ್ಲಿ ಫೋಟೋದವನು ಟೀ ಕೋಣೆಯಲ್ಲಿ ಸಾಹುಕಾರರ ಸಂಸಾರವನ್ನು ನಿಲ್ಲಿಸಿ, "ಹಿಂದ್ಗಡೆ ಗೋಡೇಲಿ ತೂತು ಕಾಣ್ತಾ ಇದೆ ಸಾರ್" ಅಂದ.

"ಏನ್ರೀ ಇದು? ಇಷ್ಟೆಲ್ಲ ಮಾಡಿ ಇಷ್ಟು ಜಾಗ ಬಿಟ್ಟಿದ್ದೀರಲ್ಲ?" ಸಾಹುಕಾರರು ನನ್ನನ್ನು ಕೇಳಿದರು. "ಆಯಮ್ಮ ಬಂದಿದ್ದಾರಲ್ಲ, ಕರೀರಿ. ಒಂದು ಕೈ ಮುಗಿಸಿಬಿಡ್ಲಿ."

ಕರೆದೆ. ಅವ್ವನ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ತಲೆ ಬಗ್ಗಿಸಿ ಒಳಗೆ ಬಂದಳು. ಎಲೆ ಎಲ್ಲಿದೆ ಎಂದು ನೋಡುವ ಹಾಗೆ ಚಾಪೆಯ ಮೇಲೆ ಕಣ್ಣಾಡಿಸಿದಳು. ಎಲ್ಲರೂ ಗೋಡೆಯ ಕಡೆ ಕೈ ತೋರಿಸುತ್ತಿದ್ದರು.

"ಇನ್ನೂ ಊಟ ಆಗಿಲ್ವಲ್ಲ ಮಗ?" ಅಂದಳು. ಮೆಲ್ಲಗೇ ಅಂದಳು. ಕೇಳಿದ್ದು ನನ್ನನ್ನು, ಬೇರೆ ಯಾರನ್ನೂ ಅಲ್ಲ.

ಆಗಲಾದರೂ ಹೇಳಬಹುದಿತ್ತು. ಸಾಹುಕಾರರು ಅಲ್ಲೇ ನಿಂತಿದ್ದರು, ಆರ್ಕಿಟೆಕ್ಟರು ಅಲ್ಲೇ ನಿಂತಿದ್ದರು. ಒಂದೇ ಒಂದು ವಾಕ್ಯ. ನಾನು, "ಮೊದ್ಲು ಅದ್ನ ಮುಗ್ಸವ್ವ, ಆಮೇಲ್ ನೋಡನ" ಅಂದೆ.

ಅವ್ವ ಮಡಕೆಯ ಬಟ್ಟೆ ತೆಗೆದಳು. ಹಿಡಿ ಮಣ್ಣು ತೆಗೆದು ಆ ಜಾಗಕ್ಕೆ ಮೆತ್ತಿದಳು. ಆಮೇಲೆ ಬಲಗೈ ಅಗಲಿಸಿ, ಅದರ ಮೇಲಿಟ್ಟು, ಮೈಭಾರ ಬಿಟ್ಟು ಒತ್ತಿದಳು. ಕೈ ತೆಗೆದಾಗ ಐದು ಬೆರಳು, ಅಂಗೈಯ ಗೆರೆ, ತೋರುಬೆರಳಿನ ಹಳೆಯ ಗಾಯ ಎಲ್ಲ ಅಚ್ಚೊತ್ತಿದಂತೆ ಮೂಡಿದ್ದವು. ನುಣುಪುಗಲ್ಲನ್ನು ಮುಟ್ಟಲಿಲ್ಲ. ಬಗ್ಗಿ ಆಚೆ ಹೋದಳು.

"ಯಾರೂ ಮುಟ್ಬೇಡಿ!" ಎಂದು ಆರ್ಕಿಟೆಕ್ಟರು ಕಿರುಚಿದರು. ಅವರ ಕಣ್ಣಲ್ಲಿ ನೀರಿತ್ತು. "ನಾನು ಇಷ್ಟು ದಿನ ಕೇಳ್ತಾ ಇದ್ದಿದ್ದು ಇದನ್ನೇ. ಈಗ ಈ ಮನೆ ಪೂರ್ತಿ ಆಯ್ತು." ಸಾಹುಕಾರರ ಸಂಸಾರ ಆ ಕೈಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿತು. ಈಗ ಅದಕ್ಕೆ ಮೇಲಿನಿಂದ ಒಂದು ಪುಟ್ಟ ಲೈಟು ಬಿಟ್ಟಿದ್ದಾರೆ. ಬಂದ ನೆಂಟರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ, ನೆಂಟರು ತಲೆ ಬಗ್ಗಿಸಿ ಒಳಗೆ ಹೋಗಿ ನೋಡುತ್ತಾರೆ. ನಮ್ಮೂರಿನ ಆ ಯಜಮಾನಿ ಬಟ್ಟೆ ಹಿಡಿದು ಉಜ್ಜುತ್ತಿದ್ದುದು ನೆನಪಾಗಿ ನನಗೆ ನಗು ಬರುತ್ತದೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ನಾನು ಆಚೆ ಓಡಿ ಬಂದಾಗ ಅವ್ವ ನಲ್ಲಿಯ ಹತ್ತಿರ ಕೈ ತೊಳೆದುಕೊಂಡು, ಬುದ್ಧನಿಗೆ ಒಂದು ಸಲ ಕೈಮುಗಿದು, ಗೇಟು ದಾಟಿಯಾಗಿತ್ತು. ರೋಡಿನಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಾಕಿದಳು. ನಾನೂ ಅವಳ ಹಿಂದೆಯೇ ಹತ್ತಿದೆ. ಒಂದೇ ಸೀಟಿನಲ್ಲಿ ಕೂತೆವು. ಸಾಹುಕಾರರ ಮೇಲೆ, ಆರ್ಕಿಟೆಕ್ಟರ ಮೇಲೆ, ಜಪಾನಿನ ಮೇಲೆ ನನ್ನ ಸಿಟ್ಟೆಲ್ಲ ಆಗ ಧಾರಾಳವಾಗಿ ಬಾಯಿಗೆ ಬಂತು.

"ಸರ್ಯಾಗ್ ಮಾಡ್ದೆ ಬುಡವ್ವ" ಅಂದೆ. "ಅವ್ರ ಮನೆ ಒಳಗೋಡೆ ಮೇಲೇ ಕೈ ಇಟ್ಬಂದೆ."

"ಅವ್ರೇನ್ ಮಾಡುದ್ರು?" ಅಂದಳು.

"ಊಟಕ್ ಕರೀಲಿಲ್ವಲ್ಲ."

"ಕರೀತೀವಿ ಅಂತ ಅವ್ರು ಏಳಿದ್ರಾ? ನನ್ ಮಾತು ಅವ್ರ ಕಿವಿಗಾರ ಬಿದ್ದಿತ್ತಾ?"

"ಮಾತು ಕೊಟ್ಟೋಳು ನೀನು ಕಣ್ ಮಗ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕೈ ಇಟ್ಟಿದ್ದು ನಿಂಗೆ."

ಕಂಡಕ್ಟರ್ ಬಂದ. ಅವ್ವ ಸೊಂಟದ ಚೀಲದಿಂದ ತನ್ನ ಆಧಾರ್ ಕಾರ್ಡು ತೆಗೆದು ತೋರಿಸಿ, ತನ್ನೊಬ್ಬಳ ಟಿಕೆಟ್ ತೆಗೆದುಕೊಂಡಳು.